ಹಿತ್ತಾಳೆ ಬಿಲ್ಲೆ, ತಗಡಿನ ಬಿಲ್ಲೆ

ಗುಬ್ಬಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಪ್ರಭುದೇವ ಮೇಷ್ಟ್ರು ಪ್ರತಿ ಜೂನ್ ತಿಂಗಳಲ್ಲೂ ಮೊದಲ ತರಗತಿಗೆ ಒಂದು ಪೊಟ್ಟಣ ಕೊಬ್ಬರಿ ಮಿಠಾಯಿ ಹಿಡಿದುಕೊಂಡು ಹೋಗುತ್ತಿದ್ದರು. ಎಲ್ಲರಿಗೂ ಎರಡೆರಡು ಕಾಗದದ ಚೂರು ಹಂಚಿ, ಇದೇ ನಿಮ್ಮ ದುಡ್ಡು, ಈಗ ಮಿಠಾಯಿ ಹರಾಜು ಎನ್ನುತ್ತಿದ್ದರು. ಒಂದು ಚೂರು, ಎರಡು ಚೂರು ಎಂದು ಕೂಗು ಏರಿ ಮಿಠಾಯಿ ಎರಡಕ್ಕೆ ಹೋಗುತ್ತಿತ್ತು. ಆಮೇಲೆ ಜೇಬಿನಿಂದ ಇನ್ನೊಂದು ಕಂತೆ ತೆಗೆದು ಮುಂದಿನ ಬೆಂಚಿನವರಿಗೆ ಧಾರಾಳವಾಗಿ ಹಂಚಿಬಿಡುತ್ತಿದ್ದರು. ಮತ್ತೆ ಹರಾಜು. ಈ ಸಲ ಅದೇ ಮಿಠಾಯಿ ಐದಕ್ಕೋ ಆರಕ್ಕೋ ಹೋಗುತ್ತಿತ್ತು.

"ಮಿಠಾಯಿ ಜಾಸ್ತಿ ಆಯ್ತೇನ್ರಪ್ಪಾ?"

"ಇಲ್ಲ ಸಾ."

"ಮತ್ತೆ ಹಿಂದಿನ ಬೆಂಚಲ್ಲಿ ಒಬ್ಬ ಚೂರು ಖರ್ಚು ಮಾಡ್ದೆ ಜೋಪಾನವಾಗಿ ಇಟ್ಕೊಂಡು ಕೂತವ್ನಲ್ಲ, ಅವನ ಕತೆ ಏನು? ಅವನ ಜೇಬಿಗೆ ಯಾರೂ ಕೈ ಹಾಕ್ಲಿಲ್ಲ. ಆದ್ರೂ ಅವನ ದುಡ್ಡು ಕಳುವಾಯ್ತು. ಕದ್ದೋನು ನಾನೇ. ನಿಮ್ಮೆದುರಿಗೇ ನಿಂತ್ಕೊಂಡು ಕದ್ದೆ. ಮುಂದಿನ ಬೆಂಚಿನೋರು ಚಪ್ಪಾಳೆ ಬೇರೆ ಹೊಡುದ್ರು."

ತರಗತಿ ಗೊಳ್ಳೆಂದು ನಗುತ್ತಿತ್ತು. ಹಿಂದಿನ ಬೆಂಚಿನವನ ಮುಖ ಸಪ್ಪಗಾದರೆ ಉಳಿದ ಮಿಠಾಯಿಯೆಲ್ಲ ಅವನಿಗೇ. ಆಮೇಲೆ ಮೇಷ್ಟ್ರು ಪುಸ್ತಕ ತೆರೆದು, ಕೇಂದ್ರ ಬ್ಯಾಂಕು ನೋಟು ಹೊರಡಿಸುತ್ತದೆ, ಸರ್ಕಾರಕ್ಕೆ ಸಾಲ ಕೊಡುತ್ತದೆ, ಹಣದ ಹರಿವನ್ನು ಹಿಡಿತದಲ್ಲಿಡುತ್ತದೆ ಎಂದು ಬರೆಸಿ, "ಇದು ಪರೀಕ್ಷೆಗೆ. ಮಿಠಾಯಿದು ಜೀವನಕ್ಕೆ" ಎಂದು ಮುಗಿಸುತ್ತಿದ್ದರು. ಫಲಿತಾಂಶ ಚೆನ್ನಾಗಿ ಬರುತ್ತಿದ್ದರಿಂದ ಪ್ರಿನ್ಸಿಪಾಲರು ಕೇಳಿಯೂ ಕೇಳದವರಂತಿದ್ದರು. ಊರಿನಲ್ಲಿ ಅವರ ಹೆಸರು ಮಾರ್ಕೆಟ್ ಮೇಷ್ಟ್ರು.

ಮಾರ್ಕೆಟ್ಟಿನ ಈ ಮೋಹ ಪುಸ್ತಕದಿಂದ ಬಂದದ್ದಲ್ಲ. ಪ್ರಭುದೇವರು ಹುಟ್ಟಿದ್ದು ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದಲ್ಲಿ. ಅವರು ಚಿಕ್ಕವರಾಗಿದ್ದಾಗ ಭತ್ತವನ್ನು ಜಿಲ್ಲೆ ದಾಟಿಸಲು ಪರ್ಮಿಟ್ಟು ಬೇಕಿತ್ತು. ಅಪ್ಪ ಸದಾಶಿವಯ್ಯ ಮಾಗಡಿ ಕಡೆಗೆ ಕೊಟ್ಟ ತಂಗಿಯ ಮನೆಗೆ ಎರಡು ಮೂಟೆ ಭತ್ತ ಗಾಡಿಯಲ್ಲಿ ಹೇರಿಕೊಂಡು ಹೊರಟಿದ್ದರು. ದಾರಿಯಲ್ಲಿ ಚೆಕ್‌ಪೋಸ್ಟಿನ ಅಡ್ಡಗಟ್ಟೆ. ನಮ್ಮ ಗದ್ದೆಯಲ್ಲಿ ಬೆಳೆದದ್ದು, ನಮ್ಮ ತಂಗಿಯ ಮನೆಗೆ, ಮಾರಾಟಕ್ಕಲ್ಲ ಎಂದು ಅಪ್ಪ ಎಷ್ಟು ಹೇಳಿದರೂ ಮೂಟೆ ಇಳಿಯಿತು. ಇಳಿಸಿಕೊಂಡವನು ಕೆಟ್ಟವನೂ ಅಲ್ಲ, ಪಾಪ, "ನಾನೇನ್ ಮಾಡ್ಲಿ ಯಜಮಾನ್ರೆ, ಆರ್ಡರ್ ಹಂಗದೆ" ಎಂದು ಗಾಡಿಯ ಮೇಲಿದ್ದ ಹುಡುಗನ ಕೈಗೆ ಒಂದು ಬಾಳೆಹಣ್ಣು ಕೊಟ್ಟ. ಪ್ರಭುದೇವರಿಗೆ ಅಪ್ಪನ ಅವಮಾನಕ್ಕಿಂತ ಆ ಬಾಳೆಹಣ್ಣೇ ಹೆಚ್ಚು ನೆನಪು. ಒಳ್ಳೆಯ ಮನುಷ್ಯನ ಕೈಯಿಂದಲೂ ಇಂಥದ್ದು ಮಾಡಿಸುವ ಶಕ್ತಿ ಯಾವುದು ಎಂಬ ಪ್ರಶ್ನೆ ಅಂದೇ ತಲೆಗೆ ಹತ್ತಿತು, ಇಳಿಯಲೇ ಇಲ್ಲ.

ಹೆಂಡತಿ ಸುಮನಾ ತುಮಕೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಅಲ್ಲೇ ಮರಳೂರಿನಲ್ಲಿ ಇಬ್ಬರೂ ಸೇರಿ ಕಟ್ಟಿಸಿದ ಪುಟ್ಟ ಮನೆ, ಅಲ್ಲಿಂದ ಮೇಷ್ಟ್ರು ದಿನಾ ಬಸ್ಸಿನಲ್ಲಿ ಗುಬ್ಬಿಗೆ ಹೋಗಿಬರುತ್ತಿದ್ದರು. ಬೆಳಿಗ್ಗೆ ಪೇಪರು ಬಂದ ಕೂಡಲೇ ಮೇಷ್ಟ್ರ ಉಪನ್ಯಾಸ ಶುರು: ಅಕ್ಕಿ ಬೆಲೆ ಏರಿಲ್ಲ ಕಣೇ, ರೂಪಾಯಿ ಬಿದ್ದಿದೆ, ಬೆಲೆ ಕಟ್ಟೋಕೆ ಸರ್ಕಾರಕ್ಕೆ ಏನು ಗೊತ್ತು, ಬಡ್ಡಿ ಎಷ್ಟಿರಬೇಕು ಅಂತ ನಾಲ್ಕು ಜನ ಒಂದು ರೂಮಲ್ಲಿ ಕೂತು ಹೇಳೋದು ಅಂದ್ರೆ ಹೂವಿನ ಬೆಲೆ ಡೀಸಿ ಸಾಹೇಬರು ಹೇಳಿದ ಹಾಗೆ. ಸುಮನಾ ದೋಸೆ ಮಗುಚುತ್ತ, "ನಿಮ್ದು ಸರ್ಕಾರ ಸಂಬಳ ಕೊಡೋ ಏಡೆಡ್ ಕಾಲೇಜು, ನಂದು ತಾಲ್ಲೂಕ್ ಆಫೀಸು. ಈ ದೋಸೆ ಹಿಟ್ಟು ಯಾರ್ ದುಡ್ಡಲ್ಲಿ ಬಂತು?" ಎಂದು ಕೇಳುತ್ತಿದ್ದಳು.

"ಅದೇ ಕಣೇ ನನ್ನ ದುಃಖ."

"ದುಃಖದಲ್ಲೇ ಇನ್ನೊಂದು ಹಾಕ್ಲಾ?"

"ಹಾಕು."

ಗುಬ್ಬಿಯಲ್ಲಿ ಮಧ್ಯಾಹ್ನದ ಊಟ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಸರ್ವಮಂಗಳಮ್ಮನ ಮೆಸ್ಸಿನಲ್ಲಿ. ಗಂಡ ತೀರಿಹೋದ ಮೇಲೂ ಒಬ್ಬಳೇ ನಿಂತು ಮೆಸ್ ನಡೆಸಿಕೊಂಡು ಬಂದ ಗಟ್ಟಿ ಹೆಂಗಸು ಆಕೆ. ಹಣೆ ತುಂಬ ವಿಭೂತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಮುಂದೊಂದು ಕಣ್ಣು, ಬಾಗಿಲ ಮೇಲೊಂದು ಕಣ್ಣು. ಆಕೆಯ ಗಂಡ ಹಿಂದೆಂದೋ ಲೇತ್ ಅಂಗಡಿಯಲ್ಲಿ ಹಿತ್ತಾಳೆ ಬಿಲ್ಲೆಗಳನ್ನು ಮಾಡಿಸಿಟ್ಟಿದ್ದ. ಅಗಲದಲ್ಲಿ ಹಳೆಯ ರೂಪಾಯಿಯಷ್ಟು, ನಡುವೆ 'ಸ' ಎಂಬ ಅಕ್ಷರ. ತಿಂಗಳ ಗಿರಾಕಿಗಳು ಮೊದಲೇ ದುಡ್ಡು ಕಟ್ಟಿ ಬಿಲ್ಲೆ ಒಯ್ಯುತ್ತಿದ್ದರು. ಊಟಕ್ಕೆ ಬಂದಾಗ ಬಾಗಿಲ ಬಳಿಯ ತಟ್ಟೆಗೆ ಒಂದು ಬಿಲ್ಲೆ ಠಣ್ಣೆಂದು ಹಾಕಿದರೆ ಆಯಿತು, ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ, ಹೊಟ್ಟೆ ತುಂಬುವಷ್ಟು.

ಬೇಳೆ ದುಬಾರಿಯಾಗಿ ಊಟದ ಬೆಲೆ ಏರಿಸಿದಾಗ ಎಲ್ಲರೂ ಗೊಣಗಿದರೆ ಪ್ರಭುದೇವ ಮೇಷ್ಟ್ರು ಮಾತ್ರ ಎದ್ದು ನಿಂತು ಸರ್ವಮಂಗಳಮ್ಮನ ಪರ ಭಾಷಣ ಮಾಡಿದ್ದರು. ಭಾಷಣ ಮುಗಿದ ಮೇಲೆ ಆಕೆ, "ನೀವ್ ಮಾತಾಡಿದ್ದಕ್ಕೇ ಇನ್ನಿಬ್ರು ಎದ್ದು ಹೋದ್ರು ಮೇಷ್ಟ್ರೆ. ಸುಮ್ನೆ ಉಣ್ಣಿ" ಎಂದಿದ್ದಳು.

ಎರಡು ಸಾವಿರದ ಹದಿನಾರನೇ ಇಸವಿಯ ನವೆಂಬರಿನಲ್ಲಿ ಐನೂರು, ಸಾವಿರದ ನೋಟುಗಳು ನಡೆಯುವುದಿಲ್ಲವೆಂದು ಘೋಷಣೆಯಾಯಿತು. ಮಾರನೆಯ ದಿನ ಮೇಷ್ಟ್ರು ಮೆಸ್ಸಿಗೆ ಬಂದಾಗ ಅವರ ಮುಖ ಕೆಂಡದಂತಿತ್ತು. ಜೇಬಿನಿಂದ ಐನೂರರ ನೋಟು ತೆಗೆದು ಎಲ್ಲರಿಗೂ ತೋರಿಸಿದರು.

"ಇದರ ಮೇಲೆ ವಚನ ಅಂತ ಬರೆದವ್ರೆ. ಕೊಟ್ಟ ಮಾತು ಇದು. ಒಂದು ಸಂಜೆ ಟೀವೀಲಿ ಹೇಳಿ ಹಿಂದಕ್ಕೆ ತಗೊಂಡ್ರೆ, ಅದು ದುಡ್ಡೇನ್ರಪ್ಪಾ, ಸಿನಿಮಾ ಟಿಕೆಟ್ಟೇನು?"

ಎದುರಿಗೆ ಕೂತಿದ್ದ ಏಜಾಜ್ ಅಹಮದ್ ಒಪ್ಪಲಿಲ್ಲ. ಓಣಿಯ ತುದಿಯಲ್ಲಿ ಅವನದು ವೆಲ್ಡಿಂಗ್ ಮತ್ತು ಲೇತ್ ಅಂಗಡಿ. ಬಿಲ್ಲೆಗಳನ್ನು ಮಾಡಿಕೊಟ್ಟವನು ಅವನ ಅಪ್ಪನೇ. ಊಟ ಮನೆಯಲ್ಲಾದರೂ ಮಜ್ಜಿಗೆಗೆ ದಿನಾ ಇಲ್ಲಿಗೇ ಬರುತ್ತಿದ್ದ. "ಹಂಗಲ್ಲ ಸಾ. ದೊಡ್ಡ ದೊಡ್ಡೋರು ಮಂಚದ ಕೆಳಗೆ ಮಡಗಿರೋದು ಹೊರಗೆ ಬರ್ತದೆ. ಸ್ವಲ್ಪ ಕಷ್ಟ ಆಯ್ತದೆ, ಆಗ್ಲಿ ಬುಡಿ" ಎಂದ. ಸರ್ವಮಂಗಳಮ್ಮನದೂ ಅದೇ ಮಾತು. ಮೆಸ್ಸಿನಲ್ಲಿ ಅಂದು ಮೇಷ್ಟ್ರಿಗೆ ಒಬ್ಬರೂ ಜೊತೆಯಾಗಲಿಲ್ಲ. ಅವರಿಗೆ ಅದು ರೂಢಿಯೇ.

ವಾರ ಕಳೆಯುವಷ್ಟರಲ್ಲಿ ಓಣಿಯಲ್ಲಿ ಸಣ್ಣ ನೋಟು ಕಾಣದಂತಾಯಿತು. ಬ್ಯಾಂಕಿನ ಮುಂದೆ ಸಾಲು. ಸಾಲಿನಲ್ಲಿ ನಿಂತು ಗೆದ್ದು ಬಂದವರ ಕೈಯಲ್ಲಿ ಎರಡು ಸಾವಿರದ ಗುಲಾಬಿ ನೋಟು. ಅದಕ್ಕೆ ಚಿಲ್ಲರೆ ಕೊಡುವ ಶಕ್ತಿ ಯಾರಿಗೂ ಇಲ್ಲ. ಕಡಬದಿಂದ ಸೊಪ್ಪು, ತರಕಾರಿ, ತೆಂಗಿನಕಾಯಿ ತರುತ್ತಿದ್ದ ಓಬಳಯ್ಯ ಒಂದು ಬೆಳಿಗ್ಗೆ ಮೂಟೆ ಇಳಿಸಿ ಕೈ ಚಾಚಿದಾಗ ಸರ್ವಮಂಗಳಮ್ಮನ ಬಳಿ ಕೊಡಲು ಏನೂ ಇರಲಿಲ್ಲ.

"ನೋಟಿಲ್ಲ ಕಣೋ ಓಬಳಯ್ಯ. ಬಿಲ್ಲೆ ತಗೊಂಡೋಗು. ಬಂದಾಗ ಬಂದಾಗ ಉಂಡ್ಕೊಂಡು ಹೋಗು."

"ಇಷ್ಟೊಂದು ಬಿಲ್ಲೇನ ನಾನೊಬ್ನೇ ಉಣ್ಣೋಕಾಯ್ತದಾ ಅಮ್ಮಾ?"

"ಯಾರಿಗಾರ ಕೊಡು. ಬಿಲ್ಲೆ ಹಿಡ್ಕೊಂಡು ಬಂದೋರಿಗೆ ನಾನು ಊಟ ಹಾಕ್ತೀನಿ. ಮಾತು ಅಂದ್ರೆ ಮಾತು."

ಓಬಳಯ್ಯ ಅದರಲ್ಲಿ ಕೆಲವನ್ನು ಏಜಾಜನ ಅಂಗಡಿಯಲ್ಲಿ ಗುದ್ದಲಿಗೆ ಬೆಸುಗೆ ಹಾಕಿಸಿಕೊಂಡು ಕೊಟ್ಟ. ಏಜಾಜ್ ಅವನ್ನು ತನ್ನ ಕೆಲಸಗಾರನಿಗೆ ಕೂಲಿಯ ಜೊತೆ ಕೊಟ್ಟ. ಆ ಕೆಲಸಗಾರ ಎದುರಿನ ಕ್ಷೌರದಂಗಡಿಯ ಬೆಟ್ಟಯ್ಯನ ಬಳಿ ಗಡ್ಡ ಮಾಡಿಸಿಕೊಂಡು ಒಂದು ಬಿಲ್ಲೆ ಕೊಟ್ಟಾಗ, ಪಕ್ಕದ ಕುರ್ಚಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದವರು ಪ್ರಭುದೇವ ಮೇಷ್ಟ್ರು.

"ಬೆಟ್ಟಯ್ಯಾ, ಏನದು ತಗೊಂಡಿದ್ದು?"

"ಮಂಗಳಮ್ಮೋರ ಬಿಲ್ಲೆ ಸಾ."

"ನೀನು ಮೆಸ್ಸಲ್ಲಿ ಉಣ್ಣಲ್ವಲ್ಲೋ?"

"ನಾನ್ಯಾಕೆ ಉಣ್ಲಿ ಸಾ. ಹೂವಿನೋಳು ತಗೋತಾಳೆ, ಟೀ ಅಂಗಡಿಯೋನು ತಗೋತಾನೆ. ಎಲ್ರೂ ತಗೋತಾರೆ."

ಮೇಷ್ಟ್ರು ಅರ್ಧ ಗಡ್ಡದಲ್ಲೇ ಎದ್ದುಬಿಟ್ಟರು. ಇಪ್ಪತ್ತೈದು ವರ್ಷದಿಂದ ಅವರು ಯಾವುದನ್ನು ಹಲಗೆಯ ಮೇಲೆ ಬರೆಯುತ್ತಿದ್ದರೋ ಅದು ಕಣ್ಣ ಮುಂದೆ ಕೈಯಿಂದ ಕೈಗೆ ನಡೆದಾಡುತ್ತಿತ್ತು. ಯಾವ ಆದೇಶವಿಲ್ಲ, ಸಹಿ ಇಲ್ಲ, ಮೊಹರಿಲ್ಲ. ಒಬ್ಬ ಹೆಂಗಸಿನ ಮಾತು, ಆಕೆಯ ಒಲೆ, ಓಣಿಯ ಜನರ ನಂಬಿಕೆ, ಇಷ್ಟರಿಂದಲೇ ದುಡ್ಡು ಹುಟ್ಟಿತ್ತು. ಸಂಜೆ ಮನೆಗೆ ಬಂದವರೇ ಸುಮನಾಳ ಕೈ ಹಿಡಿದು, "ನೋಡ್ದೆ ಕಣೇ. ಕಣ್ಣಾರೆ ನೋಡ್ದೆ" ಎಂದರು. ಆಕೆ ಮೊದಲು ನೋಡಿದ್ದು ಅವರ ಅರ್ಧ ಗಡ್ಡವನ್ನು.

ಅಲ್ಲಿಂದ ಮೇಷ್ಟ್ರು ದಿನಕ್ಕೆರಡು ಸಲ ಮೆಸ್ಸಿಗೆ ಹೋಗತೊಡಗಿದರು. ಬಿಲ್ಲೆ ಎಲ್ಲೆಲ್ಲಿ ನಡೆಯುತ್ತಿದೆ ಎಂದು ವಿಚಾರಿಸುವುದು, ಸರ್ವಮಂಗಳಮ್ಮನಿಗೆ ಪಾಠ ಹೇಳುವುದು. "ಅಮ್ಮಾ, ಈಗ ನೀವೇ ಒಂದು ಕೇಂದ್ರ ಬ್ಯಾಂಕು. ಆದ್ರೆ ಒಳ್ಳೇ ಕೇಂದ್ರ ಬ್ಯಾಂಕು. ಎಷ್ಟು ಊಟ ಹಾಕೋಕಾಗುತ್ತೋ ಅಷ್ಟೇ ಬಿಲ್ಲೆ. ಒಂದೂ ಜಾಸ್ತಿ ಬೇಡ. ಯಾರು ಬಂದು ಕೇಳಿದ್ರೂ, ದೇವರೇ ಬಂದು ಕೇಳಿದ್ರೂ ಬೇಡ." ಆಕೆ ಹುರುಳಿಕಾಳು ಬಸಿಯುತ್ತ, "ಸರಿ ಮೇಷ್ಟ್ರೆ, ದೇವ್ರು ಬಂದ್ರೆ ನಿಮ್ಮತ್ರ ಕಳಿಸ್ತೀನಿ" ಎನ್ನುತ್ತಿದ್ದಳು.

ಬಂದು ಕೇಳಿದ್ದು ದೇವರಲ್ಲ, ಮೇಷ್ಟ್ರೇ.

ಊರಾಚೆ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ದೂರದಿಂದ ಬಂದ ಕೂಲಿಗಳು ತೋಪಿನ ಅಂಚಿನಲ್ಲಿ ಟಾರ್ಪಾಲು ಕಟ್ಟಿಕೊಂಡಿದ್ದರು. ಕೆಲಸ ಹಿಡಿದಿದ್ದ ಜಯಪ್ರಕಾಶ್ ಎಂಬ ಕಂಟ್ರಾಕ್ಟರನಿಗೆ ಬ್ಯಾಂಕಿನಿಂದ ಬೇಕಾದಷ್ಟು ನೋಟು ತೆಗೆಯಲು ಆಗದೆ ಕೂಲಿ ನಿಂತುಹೋಯಿತು. ಹೊಸಬರಿಗೆ ಅಂಗಡಿಯವರು ಉದ್ದರಿ ಕೊಡಲಿಲ್ಲ. ಬಸ್ಸಿನ ಕಿಟಕಿಯಿಂದ ಮೇಷ್ಟ್ರು ದಿನವೂ ನೋಡುತ್ತಿದ್ದರು. ಒಂದು ಬೆಳಿಗ್ಗೆ ಆ ಟಾರ್ಪಾಲುಗಳ ಮುಂದೆ ಒಲೆಯ ಹೊಗೆ ಕಾಣಲಿಲ್ಲ. ಇಳಿದು ಹೋಗಿ ಮಾತಾಡಿಸಿದರು. ಮಕ್ಕಳಿಗೆ ಬರೀ ಟೀ ಕುಡಿಸಿ ಕೂರಿಸಿದ್ದರು.

ಅಂದು ಮೇಷ್ಟ್ರು ಪಾಠ ಮಾಡಲಿಲ್ಲ. ನೇರ ಮೆಸ್ಸಿಗೆ ಹೋಗಿ, "ಅಮ್ಮಾ, ಹೊಸ ಬಿಲ್ಲೆ ಮಾಡ್ಸಿ. ಜಯಪ್ರಕಾಶ್‌ಗೆ ಕೊಡೋಣ, ಅವನು ಕೂಲಿಗಳಿಗೆ ಕೊಡ್ತಾನೆ. ಅವನಿಗೆ ದುಡ್ಡು ಬಂದ ದಿನ ನಿಮಗೆ ಕಟ್ತಾನೆ" ಎಂದರು.

ಸರ್ವಮಂಗಳಮ್ಮ ಸೌಟು ಕೆಳಗಿಟ್ಟಳು. "ನೀವೇ ಬೇಡ ಅಂದಿದ್ರಿ."

"ಇದು ಬೇರೆ. ಜನ ಹಸಿದವ್ರೆ."

"ಅಕ್ಕಿ?"

"ಸ್ವಲ್ಪ ದಿನ ಅಷ್ಟೇ ಅಮ್ಮಾ. ಎಲ್ಲಾ ಸರಿಹೋಗುತ್ತೆ."

ಹಿತ್ತಾಳೆ ತರಲು ದುಡ್ಡಿರಲಿಲ್ಲ. ಏಜಾಜ್ ತಗಡಿನ ಹಾಳೆ ಕತ್ತರಿಸಿ ಅದರ ಮೇಲೆ 'ಸ' ಒತ್ತಿಕೊಟ್ಟ. ಮಾಡಿದ ಕೆಲಸಕ್ಕೆ ಕೂಲಿಯಾಗಿ ತಗಡಿನ ಬಿಲ್ಲೆಯನ್ನೇ ಕೊಡಹೋದಾಗ ಮಾತ್ರ ತಲೆ ಕೆರೆದುಕೊಂಡು, "ಹಿತ್ತಾಳೇದು ಇದ್ರೆ ಕೊಡಿ ಸಾ" ಎಂದ. ಮೇಷ್ಟ್ರು ಅದನ್ನು ಕೇಳಿಸಿಕೊಂಡರು. ಕೇಳಿಸಿಕೊಂಡೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಮೊದಲೆರಡು ದಿನ ಹಬ್ಬವೇ. ಕೂಲಿಗಳು ಹೆಂಡತಿ ಮಕ್ಕಳೊಡನೆ ಬಂದು ಹೊಟ್ಟೆ ತುಂಬ ಉಂಡರು. ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡಿ ಕಣ್ಣೊರೆಸಿಕೊಂಡರು. ಮೂರನೆಯ ದಿನ ಸಾರು ತೆಳ್ಳಗಾಯಿತು. ಆಮೇಲೆ ಮುದ್ದೆ ಚಿಕ್ಕದಾಯಿತು. ತಿಂಗಳ ಗಿರಾಕಿಗಳು ಬರುವ ಹೊತ್ತಿಗೆ ಬೆಂಚಿನಲ್ಲಿ ಜಾಗವಿಲ್ಲ. ಓಣಿಯಲ್ಲಿ ಯಾರ ಕೈಯಲ್ಲಿ ನೋಡಿದರೂ ತಗಡಿನ ಬಿಲ್ಲೆ. ಹಿತ್ತಾಳೆಯವು ಒಂದೊಂದಾಗಿ ಕಾಣೆಯಾದವು. ಎಲ್ಲರೂ ಅವನ್ನು ಮನೆಯಲ್ಲಿ ಎತ್ತಿಟ್ಟುಕೊಂಡು ತಗಡನ್ನು ಮಾತ್ರ ಹೊರಗೆ ದಾಟಿಸುತ್ತಿದ್ದರು. ಬೆಟ್ಟಯ್ಯ ಗಡ್ಡಕ್ಕೆ ಎರಡು ತಗಡು ಕೇಳಿದ. ಓಬಳಯ್ಯ ಸೊಪ್ಪಿನ ಮೂಟೆಯ ಮೇಲೆ ಕೈಯಿಟ್ಟುಕೊಂಡೇ ನಿಂತ. "ಬೇಜಾರ್ ಮಾಡ್ಕೋಬೇಡಿ ಅಮ್ಮಾ. ಇದನ್ನ ಕಡಬದಲ್ಲಿ ಯಾರೂ ಮುಟ್ಟಾಕಿಲ್ಲ ಅಂತಾರೆ."

ಒಂದು ಮಧ್ಯಾಹ್ನ ಊಟ ಮುಗಿದುಹೋಯಿತು. ಪಾತ್ರೆ ಬಳಿದರೂ ಏನಿಲ್ಲ. ಹೊರಗೆ ಇನ್ನೂ ಜನ ನಿಂತಿದ್ದರು. ಕೂಲಿಯ ಹೆಂಗಸೊಬ್ಬಳು ಕಂಕುಳಲ್ಲಿ ಮಗು ಇಟ್ಟುಕೊಂಡು ತಗಡಿನ ಬಿಲ್ಲೆಯನ್ನು ತಟ್ಟೆಗೆ ಹಾಕಿದಳು. ಅದು ಠಣ್ಣೆನ್ನಲಿಲ್ಲ, ಚಟ್ಟೆಂದಿತು. ಸರ್ವಮಂಗಳಮ್ಮ ಅದನ್ನು ಮೆಲ್ಲಗೆ ಎತ್ತಿ ಅವಳ ಕೈಗೇ ಇಟ್ಟು, "ನಾಳೆ ಬೇಗ ಬಾರವ್ವ" ಎಂದಳು. ಅಷ್ಟು ವರ್ಷದಲ್ಲಿ ಬಿಲ್ಲೆ ಹಿಡಿದು ಬಂದವರನ್ನು ಆಕೆ ಹಾಗೆ ಕಳಿಸಿದ್ದು ಅದೇ ಮೊದಲು. ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಜಯಪ್ರಕಾಶನಿಗೆ ಫೋನ್ ಮಾಡಿದರೆ, ಬಿಲ್ಲು ಪಾಸಾಗಿಲ್ಲ ಸಾರ್, ಸಂಕ್ರಾಂತಿ ಕಳೀಲಿ ಎಂಬ ಉತ್ತರ.

ಏಜಾಜ್ ಒಂದು ದಾರಿ ಹೇಳಿದ. ಕೆಟ್ಟ ಮನಸ್ಸಿನಿಂದಲ್ಲ, ಆಕೆಯ ಮುಖ ನೋಡಲಾರದೆ. "ಒಂದು ಬೋರ್ಡ್ ಹಾಕಿಬುಡಿ ಮಂಗಳಮ್ಮ. ನಾಳೆಯಿಂದ ತಗಡಿನ ಬಿಲ್ಲೆ ನಡಿಯಲ್ಲ ಅಂತ. ಹಿತ್ತಾಳೆ ಮಾತ್ರ. ಒಂದೇ ದಿನದಲ್ಲಿ ಎಲ್ಲಾ ಕ್ಲೀನ್ ಆಗೋಯ್ತದೆ."

ಏಜಾಜ್ ಹೇಳಿದ್ದರಲ್ಲಿ ಲೆಕ್ಕದ ತಪ್ಪೇನೂ ಇರಲಿಲ್ಲ. ಒಂದು ಹಲಗೆ, ಒಂದು ಸೀಮೆಸುಣ್ಣ, ಅಷ್ಟರಿಂದ ಮೆಸ್ಸು ಉಳಿಯುತ್ತಿತ್ತು. ಪ್ರಭುದೇವರಿಗೂ ಅರೆಗಳಿಗೆ ಅದೇ ಸರಿ ಎನ್ನಿಸಿತು. ಆದರೆ ತಿಂಗಳ ಹಿಂದೆ ಇದೇ ಮೆಸ್ಸಿನಲ್ಲಿ ನಿಂತು ಐನೂರರ ನೋಟು ಬೀಸಿ ಕೂಗಾಡಿದ್ದವರು ತಾವೇ.

"ಬೇಡ" ಎಂದರು. "ಅದರ ಮೇಲೆ ಅಮ್ಮನ ಹೆಸರಿದೆ."

ಸರ್ವಮಂಗಳಮ್ಮ ಆಗ ಬಾಯಿಬಿಟ್ಟಳು. "ಬೋರ್ಡ್ ಹಾಕೋಕೆ ನಾನೇನು ಗೌರ್ಮೆಂಟಾ? ಹಾಕಲ್ಲ. ಆದ್ರೆ ಅಕ್ಕಿ ಎಲ್ಲಿಂದ ತರ್ಲಿ, ಅದನ್ನ ಹೇಳಿ ಮೇಷ್ಟ್ರೆ."

ಮೇಷ್ಟ್ರು ಮನೆಗೆ ಬಂದು ಅಂಗಿಯನ್ನೂ ಬಿಚ್ಚದೆ ಕೂತರು. ಸುಮನಾ ಪೂರ್ತಿ ಕತೆ ಕೇಳಿದಳು, ಒಮ್ಮೆಯೂ ನಗಲಿಲ್ಲ. ಅವರಿಗೆ ಅದೇ ಹೆಚ್ಚು ಕಷ್ಟವಾಯಿತು.

"ದುರಾಸೆಗೆ ಮಾಡ್ಲಿಲ್ಲ ಕಣೇ. ಹಸಿದೋರನ್ನ ನೋಡಿ ಮಾಡ್ದೆ."

"ಗೊತ್ತು ರೀ. ಹಸಿದೋರಿಗೆ ಊಟ ಕೊಡ್ಬೇಕಿತ್ತು. ನೀವು ಬಿಲ್ಲೆ ಕೊಟ್ರಿ."

ಆಮೇಲೆ ಸುಮನಾ ಎದ್ದು ಬೀರುವಿನಿಂದ ಚೆಕ್ ಪುಸ್ತಕ ತಂದು ಮುಂದಿಟ್ಟಳು. "ನೋಟಿಗೆ ತಾನೇ ಬರ. ಚೆಕ್ಕಿಗೆ ಬರ ಇಲ್ವಲ್ಲ. ಕುಣಿಗಲ್ ಮಿಲ್‌ನೋರು ನಿಮ್ಮ ತಮ್ಮನಿಗೆ ಪರಿಚಯ. ಚೆಕ್ ತಗೋತಾರೆ. ಮಲ್ಲಿಕಾರ್ಜುನನಿಗೆ ಫೋನ್ ಮಾಡಿ."

"ಮೇಲಿನ ರೂಮ್ ಕಟ್ಟಿಸೋಕೆ ಇಟ್ಟಿದ್ದು ಅದು."

"ಮೇಲೆ ಯಾರಿರ್ತಾರೆ ಈಗ? ಬರೀರಿ."

ಅವರು ಬರೆಯುತ್ತಿದ್ದಾಗ ಸುಮನಾಳಿಗೆ ನಗು ತಡೆಯಲಾಗಲಿಲ್ಲ. "ಅಂತೂ ನಿಮ್ಮ ಸ್ವತಂತ್ರ ದುಡ್ಡಿಗೆ ಸರ್ಕಾರದ ಸಂಬಳವೇ ಆಸರೆ ಆಯ್ತಲ್ಲ." ಮೇಷ್ಟ್ರು ತಲೆಯೆತ್ತಲಿಲ್ಲ, ಆದರೆ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ಎಂದು ಆಕೆ ಬಗ್ಗಿ ನೋಡಿದಳು. ಎರಡೂ ಇತ್ತು.

ತಮ್ಮ ಮಲ್ಲಿಕಾರ್ಜುನ್ ಟೆಂಪೋದಲ್ಲಿ ಅಕ್ಕಿ, ರಾಗಿ, ಬೇಳೆ ತಂದಿಳಿಸಿದ. ಮೇಷ್ಟ್ರು ಕಾಲೇಜಿಗೆ ರಜೆ ಬರೆದು, ಪಂಚೆ ಎತ್ತಿ ಕಟ್ಟಿ, ಸಾರಿನ ಬಕೆಟ್ಟು ಹಿಡಿದು ನಿಂತರು. ಆಳಿಗೆ ಕೂಲಿ ಕೊಡಲು ಸರ್ವಮಂಗಳಮ್ಮನ ಬಳಿ ಏನೂ ಇರಲಿಲ್ಲ. ತಗಡಿನ ಬಿಲ್ಲೆ ಹುಟ್ಟಿಸಿದವರೇ ಬಡಿಸಬೇಕೆಂಬುದು ಅವರೇ ಮಾಡಿಕೊಂಡ ತೀರ್ಮಾನ. ತಟ್ಟೆಗೆ ಬಿದ್ದ ಪ್ರತಿ ತಗಡನ್ನೂ ಪಕ್ಕದ ಡಬ್ಬಕ್ಕೆ ಹಾಕಿ, ಸಂಜೆ ಏಜಾಜನ ಅಂಗಡಿಗೆ ಒಯ್ದು ಸುತ್ತಿಗೆಯಿಂದ ಬಡಿಸಿ ಚಪ್ಪಟೆ ಮಾಡಿಸುತ್ತಿದ್ದರು. ಮತ್ತೆ ಹೊರಗೆ ಹೋಗಬಾರದು. ಏಜಾಜ್ ಸುತ್ತಿಗೆ ಹೊಡೆಯುತ್ತ, "ಮಾಡೋಕೂ ನಾನೇ, ಮುರಿಯೋಕೂ ನಾನೇ. ಒಳ್ಳೇ ಕೆಲಸ ಕೊಟ್ರಿ ಸಾ" ಎನ್ನುತ್ತಿದ್ದ. ಕೂಲಿ ಕೇಳಲಿಲ್ಲ.

ಬಡಿಸುವುದು ಸುಲಭವಲ್ಲ ಎಂದು ಮೇಷ್ಟ್ರಿಗೆ ಮೊದಲ ಪಂಕ್ತಿಯಲ್ಲೇ ತಿಳಿಯಿತು. ಯಾರ ಎಲೆಗೋ ಮಜ್ಜಿಗೆಯ ಬದಲು ಸಾರು ಹೋಯಿತು. ಅವರ ವಿದ್ಯಾರ್ಥಿನಿ ಯಶಸ್ವಿನಿ ಊಟಕ್ಕೆ ಬಂದವಳು, ಮೇಷ್ಟ್ರು ಬಕೆಟ್ಟು ಹಿಡಿದು ಬಗ್ಗಿದ್ದು ಕಂಡು ಗಾಬರಿಯಾಗಿ ಎದ್ದು ನಿಂತಳು. "ಕೂತ್ಕೋ ಕಣಮ್ಮ, ಸಾಲ ತೀರಿಸ್ತಾ ಇದೀನಿ" ಎಂದರು. ಆ ದಿನ ನಿಂತು ಹಿಂತಿರುಗಿದ್ದ ಕೂಲಿಯ ಹೆಂಗಸು ಬಂದಾಗ ಬಕೆಟ್ಟು ಹಿಡಿದು ಮೊದಲು ಅವಳ ಎಲೆಯ ಬಳಿಗೇ ಹೋದರು. ಅವಳು ಅವರನ್ನು ಗುರುತು ಹಿಡಿಯಲಿಲ್ಲ. ಮಗುವಿಗೆ ಅನ್ನ ಕಲಸಿ ತಿನ್ನಿಸುತ್ತ, "ಇನ್ನೊಂಚೂರು ಸಾರು ಹಾಕಣ್ಣ" ಎಂದಳು. ಅವರು ಹಾಕಿದರು, ಕೇಳಿದ್ದಕ್ಕಿಂತ ಹೆಚ್ಚೇ ಹಾಕಿದರು.

ಅವರೆಕಾಯಿ ಸುಗ್ಗಿ ಮುಗಿಯುವ ಹೊತ್ತಿಗೆ ತಗಡು ಬರುವುದು ಕಮ್ಮಿಯಾಯಿತು. ಊಟ ಮುಗಿದುಹೋಗುವುದಿಲ್ಲವೆಂದು ಗೊತ್ತಾದ ಮೇಲೆ ಯಾರಿಗೂ ಅವಸರವಿರಲಿಲ್ಲ. ಒಂದು ದಿನ ಬೆಟ್ಟಯ್ಯ ತಗಡಿನ ಬಿಲ್ಲೆಯನ್ನೂ ಹಿತ್ತಾಳೆಯಷ್ಟೇ ಬೆಲೆಗೆ ತೆಗೆದುಕೊಂಡನೆಂದು ಸುದ್ದಿ ಬಂತು. ಓಬಳಯ್ಯ ಎತ್ತಿಟ್ಟಿದ್ದ ಹಿತ್ತಾಳೆ ಬಿಲ್ಲೆಗಳನ್ನು ಟವಲ್ಲಿನಲ್ಲಿ ಕಟ್ಟಿ ತಂದು, ನೆಂಟರಿಷ್ಟರೊಡನೆ ಕೂತು ಉಂಡು ಹೋದ. ಬ್ಯಾಂಕಿನಲ್ಲಿ ಸಣ್ಣ ನೋಟುಗಳೂ ಬರತೊಡಗಿದವು. ಯಾರೂ ಹೇಳದೆಯೇ ಬಿಲ್ಲೆ ಮತ್ತೆ ಬರೀ ಊಟದ ಬಿಲ್ಲೆಯಾಯಿತು. ಜಯಪ್ರಕಾಶ್ ಸಂಕ್ರಾಂತಿ ಕಳೆದ ಎಷ್ಟೋ ದಿನಕ್ಕೆ ಬಂದು ಅರ್ಧದಷ್ಟು ಕಟ್ಟಿದ. ಉಳಿದರ್ಧ ಬರಲೇ ಇಲ್ಲ. ಮರಳೂರಿನ ಮನೆಯ ಮೇಲೆ ರೂಮು ಏಳಲಿಲ್ಲ. ಸುಮನಾ ಅಲ್ಲಿ ಕುಂಡಗಳಲ್ಲಿ ಕನಕಾಂಬರ ಬೆಳೆಸಿದಳು.

ಮೇಷ್ಟ್ರ ನಂಬಿಕೆ ಬದಲಾಯಿತೇ ಎಂದರೆ, ಇಲ್ಲ. ಇನ್ನಷ್ಟು ಗಟ್ಟಿಯಾಯಿತು. ಆದರೆ ಅದರೊಳಗಿನ ಸಿಟ್ಟು ಹೋಯಿತು. ಮೊದಲೆಲ್ಲ ನೋಟು ಅಚ್ಚು ಹಾಕುವವರನ್ನು ಕಳ್ಳರೆಂದೇ ಬೈಯುತ್ತಿದ್ದವರು ಈಗ, "ಪಾಪ, ಅವರ ಮುಂದೆಯೂ ಯಾರೋ ಹಸಿದೋರು ನಿಂತಿರ್ತಾರೆ. ಸ್ವಲ್ಪ ದಿನ ಅಷ್ಟೇ ಅಂತ ಅವರಿಗೂ ಅನ್ಸುತ್ತೆ. ಅದಕ್ಕೇ ಆ ಮೆಷಿನ್ನು ಯಾರ ಕೈಲೂ ಇರಬಾರದು. ಒಳ್ಳೆಯೋರ ಕೈಲಂತೂ ಇರಲೇಬಾರದು" ಎನ್ನುತ್ತಿದ್ದರು. ಏಜಾಜ್ ವಾದ ಬಿಡಲಿಲ್ಲ. ಯಾರ ಕೈಲೂ ಇಲ್ದಿದ್ರೆ ಅವತ್ತು ಆ ಮಕ್ಕಳಿಗೆ ಗತಿ ಏನಿತ್ತು ಸಾ ಎಂದು ಕೇಳುತ್ತಿದ್ದ. ಮಜ್ಜಿಗೆ ಮುಗಿಯುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ.

ಎರಡು ಸಾವಿರದ ಇಪ್ಪತ್ತಮೂರರ ಜೂನಿನಲ್ಲಿ, ಮೇಷ್ಟ್ರ ನಿವೃತ್ತಿಗೆ ಇನ್ನೆರಡು ವರ್ಷವಿರುವಾಗ, ಸುಮನಾ ಒಂದು ಭಾನುವಾರ ಗಂಡನ ಜೊತೆ ಗುಬ್ಬಿಯ ಮೆಸ್ಸಿಗೆ ಹೊರಟಳು. ಎರಡು ಸಾವಿರದ ನೋಟುಗಳನ್ನು ವಾಪಸು ಪಡೆಯುತ್ತೇವೆ ಎಂದು ಆಗಷ್ಟೇ ಪ್ರಕಟವಾಗಿತ್ತು. ಸರ್ವಮಂಗಳಮ್ಮ ಮಂಡಿನೋವಿನಿಂದ ಕುರ್ಚಿಯಲ್ಲೇ ಕೂತು ಮೆಸ್ ನೋಡಿಕೊಳ್ಳುತ್ತಿದ್ದಳು. ಗೋಡೆಯ ಮೇಲೆ ಫೋನಿನಲ್ಲಿ ದುಡ್ಡು ಕಟ್ಟುವ ಚೌಕದ ಚೀಟಿ. "ಏನ್ ಮೇಷ್ಟ್ರೆ, ಮತ್ತೆ ನೋಟ್ ಹೋಯ್ತಂತೆ. ಬಿಲ್ಲೆ ಬಿಡಾಣ್ವಾ?" ಎಂದಳು.

"ಬೇಡಮ್ಮ. ಬಡ್ಸೋಕೆ ನನ್ನ ಸೊಂಟವೂ ಕೇಳಲ್ಲ ಈಗ."

ಮೂವರೂ ನಕ್ಕರು. ಊಟ ಮಾಡಿ ತುಮಕೂರಿನ ಬಸ್ಸು ಹತ್ತಿದರು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಗಿ ಆಗ ಇನ್ನೂ ಕೆಲವೇ ದಿನ. ಬಸ್ಸು ತುಂಬ ಹೆಂಗಸರು, ಮಡಿಲಲ್ಲಿ ಮಕ್ಕಳು, ಬುಟ್ಟಿಗಳು, ಜಾತ್ರೆಯ ಗದ್ದಲ. ಕಂಡಕ್ಟರ್ ಸುಮನಾಳಿಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದ. ಮೇಷ್ಟ್ರು ಎರಡು ಟಿಕೆಟ್ಟಿನ ದುಡ್ಡು ಚಾಚಿದರು.

"ಅಮ್ಮೋರಿಗೆ ಫ್ರೀ ಸಾ."

"ಫ್ರೀ ಏನೂ ಅಲ್ಲಪ್ಪ. ಯಾರೋ ಕಟ್ತಾರೆ. ನಾನೇ ಕಟ್ತೀನಿ, ತಗೋ."

"ತಗೊಂಡ್ರೆ ನನ್ನ ಕೆಲಸ ಹೋಯ್ತದೆ ಸಾ. ನಿಮ್ದೊಂದು ಕೊಡಿ ಸಾಕು."

ಹಿಂದಿನ ಸೀಟಿನ ಮುದುಕಿಯೊಬ್ಬಳು, "ಏನ್ ಯಜಮಾನ್ರೇ, ಕೊಟ್ಟಿದ್ದನ್ನ ಬ್ಯಾಡ ಅಂತೀರಲ್ಲ. ನಾನು ಮಗಳ ಮನೆ ನೋಡಿ ಮೂರು ವರ್ಷ ಆಗಿತ್ತು. ಈಗ ಈ ವಾರದಲ್ಲೇ ಎರಡನೇ ಸಲ ಹೋಯ್ತಾ ಇದೀನಿ" ಎಂದಳು. ಮೇಷ್ಟ್ರು ತಿರುಗಿ ನೋಡಿದರು. ಬಾಯಿ ತೆರೆದರು. ಹೇಳಬೇಕಾದದ್ದು ಬೇಕಾದಷ್ಟಿತ್ತು, ಮುದುಕಿಯ ಮುಖ ನೋಡಿ, "ಮಗಳು ಚೆನ್ನಾಗಿದಾಳಾ ತಾಯಿ?" ಎಂದು ಕೇಳಿದರು. ಮುದುಕಿ ತುಮಕೂರು ಬರುವವರೆಗೂ ಮಗಳ ಸಂಸಾರದ ಕತೆ ಹೇಳಿದಳು.

ಇಳಿದ ಮೇಲೆ ಸುಮನಾ ಗಂಡನ ತೋಳು ಹಿಡಿದುಕೊಂಡಳು. "ನನ್ನ ಟಿಕೆಟ್ಟಿನ ದುಡ್ಡು ಉಳೀತಲ್ಲ, ಅದರಲ್ಲಿ ಮಲ್ಲಿಗೆ ಕೊಡಿಸಿ."

ಬಸ್ ಸ್ಟ್ಯಾಂಡಿನ ಬಾಗಿಲಲ್ಲಿ ಹೂವಿನವಳು ಮೊಳಕ್ಕೆ ಮೂವತ್ತು ಎಂದಳು. ಸುಮನಾ ಚೌಕಾಸಿಗೆ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಮೂವತ್ತನ್ನೂ ಎಣಿಸಿ ಕೊಟ್ಟು, ಬೆಲೆ ಸರಿಯಾಗೇ ಇದೆ ಎಂದು ಹೂವಿನವಳಿಗೇ ವಿವರಿಸತೊಡಗಿದರು. ಅವಳು ಈ ಮನುಷ್ಯನನ್ನು ಒಮ್ಮೆ, ಆತನ ಹೆಂಡತಿಯನ್ನು ಒಮ್ಮೆ ನೋಡಿ, ಇನ್ನೊಂದು ಗೇಣು ಹೂವು ಸೇರಿಸಿ ಕಟ್ಟಿಕೊಟ್ಟಳು.